ಎರಡು ಕರಪತ್ರಗಳು

ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಹಿರಿಯರು ಕೇಳಿದಾಗ ‘ಗಡಿನಾಡಿನ ಕನ್ನಡ ಮತ್ತು ಸಮೂಹ ಮಾಧ್ಯಮ’ ಎಂಬ ವಿಷಯವನ್ನೂ ಅವರೇ ಸೂಚಿಸಿದ್ದರು. ನಾನು ಪ್ರಚಾರ ಮತ್ತು ಜಾಹೀರಾತನ್ನು ಕಾಲೇಜಿನಲ್ಲಿ ಓದಿದವಳು, ಕೆಲಕಾಲ ಅದರಲ್ಲೇ ದುಡಿದವಳು ಎಂಬುದು ಅವರಿಗೆ ತಿಳಿದಿದೆ. ಬರೆಯಲು ಕುಳಿತೆ. ನಾಲ್ಕು ಪುಟಗಳಾದ ಮೇಲೆ ಓದಿ ನೋಡಿದರೆ ಅದು ಯಾವುದೋ ಸಮಾರಂಭದ ಭಾಷಣದಂತೆ ಕೇಳಿಸಿತು. ಅದನ್ನು ಬದಿಗಿರಿಸಿ, ನನ್ನ ಟ್ರಂಕಿನ ತಳದಲ್ಲಿ ಮೂವತ್ತು ವರ್ಷಗಳಿಂದ ಉಳಿದುಬಂದಿರುವ ಎರಡು ಕರಪತ್ರಗಳ ಸಂಗತಿಯನ್ನೇ ಹೇಳಿಬಿಡುವುದು ಮೇಲೆನಿಸಿತು. ಎರಡನ್ನೂ ಬರೆದವಳು ನಾನೇ. ಒಂದು ಬಹಳ ಚೆಲುವಾಗಿದೆ. ಇನ್ನೊಂದು ನೋಡಲು ಕಿರಾಣಿ ಅಂಗಡಿಯ ಚೀಟಿಯಂತಿದೆ.

ನನ್ನ ತಂದೆಯವರು ತಳಿಯ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಮೇಷ್ಟ್ರು. ಆಗ ನಮ್ಮದು ಧರ್ಮಪುರಿ ಜಿಲ್ಲೆ. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. 1956ರಲ್ಲಿ ಭಾಷಾವಾರು ಪ್ರಾಂತಗಳು ರಚನೆಯಾದಾಗ ಹೊಸೂರು ಸೀಮೆ ಮದರಾಸು ರಾಜ್ಯದಲ್ಲೇ ಉಳಿದ ಕಥೆಯನ್ನು ಈ ಸಂಚಿಕೆಯ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ನಮ್ಮ ಮಟ್ಟಿಗೆ ಅದರ ಅರ್ಥ ಇಷ್ಟು: ನಾವು ಓದಿದ ಕನ್ನಡ ಪಠ್ಯಪುಸ್ತಕಗಳು ಮದರಾಸಿನಿಂದ ಬರುತ್ತಿದ್ದವು. ಶಾಲೆ ತೆರೆದ ಮೇಲೆ ಬರುತ್ತಿದ್ದವು. ಕೆಲವು ವರ್ಷ ಶಾಲೆ ತೆರೆದು ಬಹಳ ದಿನಗಳಾದ ಮೇಲೆ ಬರುತ್ತಿದ್ದವು. ಅಲ್ಲಿಯವರೆಗೆ ಅಪ್ಪ ಹಿಂದಿನ ವರ್ಷದ ಮಕ್ಕಳಿಂದ ಪುಸ್ತಕಗಳನ್ನು ಬೇಡಿ ತಂದು, ಗೋಧಿ ಅಂಟಿನಿಂದ ಬೆನ್ನು ಕಟ್ಟಿ ಹಂಚುತ್ತಿದ್ದರು. ಆ ಅಂಟಿನ ವಾಸನೆ ನನಗೆ ಇಂದಿಗೂ ಜೂನ್ ತಿಂಗಳ ವಾಸನೆ.

ಹೊಸೂರಿನಲ್ಲಿ ಪ್ರೌಢಶಾಲೆ, ಹೈಯರ್ ಸೆಕೆಂಡರಿ ಮುಗಿಸಿದ ಬಳಿಕ ಪತ್ರಿಕೋದ್ಯಮ ಓದಬೇಕೆಂದು ಹಟ ಹಿಡಿದೆ. ಪತ್ರಿಕೆಯಲ್ಲಿ ಹೆಸರು ಅಚ್ಚಾಗುವುದೇ ಪತ್ರಿಕೋದ್ಯಮವೆಂದು ಆಗ ನಂಬಿದ್ದೆ. ಆ ವಿಷಯವನ್ನು ಪದವಿಯಲ್ಲಿ ಕಲಿಸುವ, ನಮ್ಮ ಕೈಗೆಟುಕುವ ಕಾಲೇಜೆಂದರೆ ಬೆಂಗಳೂರಿನಲ್ಲಿ ಕ್ರೈಸ್ತ ಗುರುಗಳು ನಡೆಸುತ್ತಿದ್ದ ಒಂದು ಸಂಸ್ಥೆ. ಅದರ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ನನಗಾದ ಉಪಕಾರದ ಜೊತೆಗೆ ಒಂದೆರಡು ಮುನಿಸುಗಳನ್ನೂ ಹೇಳಲಿದ್ದೇನೆ.

ನಾನು ಕಾಲೇಜಿಗೆ ಸೇರುವ ಸುದ್ದಿ ಹಬ್ಬಿದಾಗ ಕೇರಿಯ ಹೆಂಗಸರು ಅಮ್ಮನನ್ನು ಹೆದರಿಸಿದರು. ಅಲ್ಲಿ ಸೇರಿದವರನ್ನು ಮತಕ್ಕೆ ಸೇರಿಸಿಕೊಳ್ಳುತ್ತಾರಂತೆ ಎಂದರು. ಅಮ್ಮ ರಾತ್ರಿ ಊಟಕ್ಕೆ ಬಡಿಸುತ್ತ ಅದನ್ನೇ ಎತ್ತಿದಳು. ಅಪ್ಪ ಎದ್ದು ಹೋಗಿ, ಕಪಾಟಿನಿಂದ ಕಿಟ್ಟೆಲ್ ನಿಘಂಟನ್ನು ಎರಡು ಕೈಯಲ್ಲೂ ಹಿಡಿದು ತಂದು ಅವಳ ಮುಂದಿಟ್ಟರು. “ಇದನ್ನು ಬರೆದವರು ಪಾದ್ರಿ. 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಇಪ್ಪತ್ತು ವರ್ಷಗಳಿಂದ ದಿನಾಲೂ ಇದನ್ನು ತೆರೆಯುತ್ತಿದ್ದೇನೆ. ನನ್ನ ಜನಿವಾರ ಎಲ್ಲಿಗೂ ಹೋಗಿಲ್ಲವಲ್ಲ?” ಎಂದರು. ಅಮ್ಮ ನಗಲಿಲ್ಲ; ಆದರೆ ಮಾತು ಅಲ್ಲಿಗೆ ನಿಂತಿತು. ಮೂರು ವರ್ಷಗಳ ಕಾಲ ಕನ್ಯಾಸ್ತ್ರೀಯರ ವಿದ್ಯಾರ್ಥಿನಿ ನಿಲಯದಲ್ಲಿದ್ದೆ. ಬೆಳಗಿನ ಪ್ರಾರ್ಥನೆಗೆ ಎಲ್ಲರ ಜೊತೆ ನಿಲ್ಲಬೇಕಾಗಿತ್ತು ಎಂಬುದನ್ನು ಬಿಟ್ಟರೆ ನನ್ನ ದೇವರು ಯಾರೆಂದು ಅಲ್ಲಿ ಯಾರೂ ವಿಚಾರಿಸಲಿಲ್ಲ. ವಿಚಾರಿಸಿದ್ದೆಲ್ಲ ನನ್ನ ಭಾಷೆಯನ್ನು.

ನನ್ನ ಅರ್ಜಿಯಲ್ಲಿ ವಿಳಾಸದ ಕೊನೆಗೆ ತಮಿಳುನಾಡು ಎಂದಿತ್ತು. ಕಚೇರಿಯ ಗುಮಾಸ್ತರು ನನ್ನೊಡನೆ ತಮಿಳಿನಲ್ಲೇ ಮಾತಾಡಿದರು. ನಾನು ಕನ್ನಡದಲ್ಲಿ ಉತ್ತರಿಸಿದರೆ, ‘ಪರವಾಗಿಲ್ಲವೇ, ಕನ್ನಡ ಚೆನ್ನಾಗಿ ಕಲಿತಿದ್ದೀಯ’ ಎಂದರು. ತರಗತಿಯಲ್ಲಿಯೂ ಹೆಚ್ಚುಕಡಿಮೆ ಇದೇ ಮಾತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಆರು ತಿಂಗಳು ನಾನು ಬಾಯಿ ತೆರೆದದ್ದು ಹಾಜರಿ ಹೇಳುವುದಕ್ಕೆ ಮಾತ್ರ. ಒಬ್ಬ ಅಧ್ಯಾಪಕಿಯವರು ನನ್ನ ಮೊದಲ ಪ್ರಬಂಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಅದರ ವ್ಯಾಕರಣವನ್ನು ಎಲ್ಲರಿಗೂ ತೋರಿಸಿ ಕೊಟ್ಟರು. ಆ ದಿನ ಸಂಜೆ ನಿಲಯದ ತಾರಸಿಯ ಮೇಲೆ ಕುಳಿತು ಊರಿಗೆ ಹಿಂದಿರುಗುವ ನಿರ್ಧಾರ ಮಾಡಿದ್ದೆ. ಬಸ್ಸಿನ ಹಣ ಸಾಲಲಿಲ್ಲವಾದ್ದರಿಂದ ಉಳಿದೆ. ನನ್ನ ಶಿಕ್ಷಣ ಮುಂದುವರಿದ ಕಾರಣ ಇಷ್ಟೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ವರ್ಷ, ಎಂದರೆ 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಸಂಬಂಧವಾಗಿ ಬೆಂಗಳೂರಿನಲ್ಲಿ ಗಲಭೆಗಳಾದವು. ಅತ್ತಿಬೆಲೆಯಿಂದ ಆಚೆಗೆ ಬಸ್ಸುಗಳಿರಲಿಲ್ಲ. ನಿಲಯದ ಹುಡುಗಿಯರು ನನ್ನ ಹಾಸಿಗೆಯನ್ನು ಒಳಕೋಣೆಗೆ ಸಾಗಿಸಿ, ‘ನೀನು ತಮಿಳುನಾಡಿನವಳು, ಹೊರಗೆ ಬರಬೇಡ’ ಎಂದು ಕಾಪಾಡಿದರು. ಅವರ ಪ್ರೀತಿಗೆ ನಾನು ಋಣಿ. ಅದೇ ವಾರ ಹೊಸೂರಿನ ಕಡೆ ನಮ್ಮ ಮನೆಗೆ ನೆರೆಯ ತಮಿಳು ಕುಟುಂಬದವರು ಬಂದು, ‘ಮೇಷ್ಟ್ರೇ, ನೀವು ಕನ್ನಡದವರು, ಪೇಟೆಗೆ ಹೋಗಬೇಡಿ’ ಎಂದು ಅಪ್ಪನನ್ನು ಕಾಪಾಡಿದ್ದರಂತೆ. ಹದಿನೈದು ದಿನಗಳಾದ ಮೇಲೆ ಊರಿಗೆ ಹೋದಾಗ ಅಪ್ಪ ಮಗಳು ಇಬ್ಬರೂ ಈ ವರದಿಗಳನ್ನು ಒಬ್ಬರಿಗೊಬ್ಬರು ಒಪ್ಪಿಸಿಕೊಂಡೆವು. ನಮ್ಮ ಕಿವಿಗೆ ಬಿದ್ದ ವದಂತಿಗಳನ್ನೆಲ್ಲ ಎಣಿಸಿದರೆ, ಯಾರೂ ಬರೆಯದ, ಯಾರೂ ಅಚ್ಚು ಹಾಕದ ಮಾತು ಎಷ್ಟು ವೇಗವಾಗಿ ನಡೆಯುತ್ತದೆ ಎಂಬುದು ತಿಳಿಯುತ್ತಿತ್ತು. ಪ್ರಚಾರಶಾಸ್ತ್ರದ ಮೊದಲ ಪಾಠವನ್ನು ನಾನು ಕಲಿತದ್ದು ಅಲ್ಲಿ.

ಎರಡನೆಯ ವರ್ಷದಲ್ಲಿ ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕ ಎಂಬ ಪತ್ರಿಕೆಯನ್ನು ಕಲಿಸಲು ಬಂದವರು ಒಬ್ಬ ಗುರುಗಳು. ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ. ಕನ್ನಡವನ್ನು ಪುಸ್ತಕದಂತೆ ಮಾತಾಡುತ್ತಿದ್ದರು. ಎಲ್ಲರೂ ಅವರನ್ನು ಫಾದರ್ ಎಂದು ಕರೆಯುತ್ತಿದ್ದೆವು. ಊರಿಗೆ ಬಂದು ‘ಫಾದರ್ ಹೀಗೆ ಹೇಳಿದರು’ ಎಂದರೆ ಅಜ್ಜಿಗೆ ಬಹಳ ದಿನಗಳವರೆಗೆ ಗೊಂದಲವಾಗುತ್ತಿತ್ತು. ನಿಮ್ಮಪ್ಪ ಹಾಗೆಲ್ಲಿ ಹೇಳಿದ ಎಂದು ಜಗಳಕ್ಕೇ ಬರುತ್ತಿದ್ದಳು.

ಫಾದರ್ ಮೊದಲ ದಿನ ತರಗತಿಗೆ ಒಂದು ಟಿವಿಯನ್ನು ತರಿಸಿ ಒಂದು ಜಾಹೀರಾತನ್ನು ತೋರಿಸಿದರು. ಟೈಟನ್ ಕೈಗಡಿಯಾರದ್ದು. ಅದರ ಸಂಗೀತ ಮೊಜಾರ್ಟನ 25ನೆಯ ಸಿಂಫನಿಯದು. ಅವನು ಅದನ್ನು ರಚಿಸಿದ್ದು 1773ರಲ್ಲಿ. ಇನ್ನೂರು ವರ್ಷಗಳ ಹಿಂದೆ ಆಸ್ಟ್ರಿಯಾದಲ್ಲಿ ಹುಟ್ಟಿದ ಸ್ವರ ಈ ದೇಶದ ಮನೆಮನೆಯಲ್ಲಿ ಒಂದು ಗಡಿಯಾರದ ಹೆಸರಾಗಿ ಕೇಳಿಸುವಂತಾದದ್ದು ಹೇಗೆ ಎಂದು ಅರ್ಧ ಗಂಟೆ ವಿವರಿಸಿದರು. ಬಳಿಕ, ಈ ಗಡಿಯಾರ ಎಲ್ಲಿ ತಯಾರಾಗುತ್ತದೆ ಬಲ್ಲಿರಾ ಎಂದು ಕೇಳಿದರು. ಒಬ್ಬರು ಸ್ವಿಟ್ಜರ್ಲೆಂಡ್ ಎಂದರು, ಇನ್ನೊಬ್ಬರು ಮುಂಬಯಿ ಎಂದರು. ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಸ್ಥಾಪಿಸಿದ ಆ ಕಂಪನಿಯ ಕಾರ್ಖಾನೆ ನಮ್ಮ ಹೊಸೂರಿನಲ್ಲಿದೆ. ನಮ್ಮ ಕೇರಿಯ ಇಬ್ಬರು ಅಕ್ಕಂದಿರು ಅಲ್ಲಿ ಕೆಲಸಕ್ಕಿದ್ದರು. ನನಗೆ ಗೊತ್ತಿತ್ತು; ಆದರೂ ಕೈ ಎತ್ತಲಿಲ್ಲ. ಕೈ ಎತ್ತಿದರೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಬೇಕಾಗುತ್ತಿತ್ತು. ನಮ್ಮ ಊರಿನ ಸರಕು ಇಡೀ ದೇಶದ ಕಿವಿಯಲ್ಲಿ ಗುನುಗುತ್ತಿರುವಾಗ ನಮ್ಮ ಊರಿನ ಹೆಸರು ನನ್ನ ಬಾಯಿಂದಲೇ ಹೊರಬರಲಿಲ್ಲ. ಈ ಅಳುಕನ್ನು ನಾನು ಬಹಳ ವರ್ಷಗಳವರೆಗೆ ಯಾರಿಗೂ ಹೇಳಿರಲಿಲ್ಲ.

ಫಾದರ್ ಅವರಿಗೆ ತಮ್ಮವರನ್ನೇ ಹಾಸ್ಯ ಮಾಡುವ ಗುಣವಿತ್ತು. ‘ಪ್ರಾಪಗಾಂಡ’ ಎಂಬ ಪದವನ್ನು ಹಲಗೆಯ ಮೇಲೆ ಬರೆದು, ಇದನ್ನು ಹಿಟ್ಲರನ ಮಂತ್ರಿಗಳು ಕಂಡುಹಿಡಿದರೆಂದು ಭಾವಿಸಬೇಡಿ, ನಮ್ಮ ಪೋಪರ ಕಾಣಿಕೆ ಎಂದರು. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಅವರು ಧರ್ಮವನ್ನು ಹರಡುವ ಕಾರ್ಯಕ್ಕಾಗಿ ರೋಮಿನಲ್ಲಿ ಒಂದು ಮಂಡಳಿಯನ್ನು ನೇಮಿಸಿದರು. ಅದರ ಲ್ಯಾಟಿನ್ ಹೆಸರಿನಲ್ಲಿದ್ದ ಪದವೇ ಮುಂದೆ ಲೋಕಕ್ಕೆಲ್ಲ ಹಬ್ಬಿ, ಕೊನೆಗೆ ಬೈಗುಳಾಯಿತು. ಪದದ ಮೂಲಾರ್ಥ ಸಸಿಯನ್ನು ನೆಟ್ಟು ಬೆಳೆಸಿ ಹರಡುವುದು ಎಂದು ವಿವರಿಸಿದ ಮೇಲೆ, ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ನನ್ನ ಕಡೆ ನೋಡಿದರು. ಪ್ರಚಾರ ಎಂದೆ. ಅದು ನಾನು ತರಗತಿಯಲ್ಲಿ ಆಡಿದ ಮೊದಲ ಕನ್ನಡ ಪದ. ‘ಚರ’ ಎಂದರೆ ನಡೆಯುವುದಲ್ಲವೇ, ಎಂದರೆ ನಿಮ್ಮ ಭಾಷೆಯಲ್ಲಿ ಪ್ರಚಾರಕ್ಕೆ ಕಾಲುಗಳಿವೆ, ನಮ್ಮದಕ್ಕೆ ಬೇರುಗಳಿವೆ ಎಂದರು. ವ್ಯುತ್ಪತ್ತಿಯ ಸರಸವಷ್ಟೆ. ಆದರೂ ಕಾಲುಗಳ ಮಾತು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಮಂಗಳೂರಿನವರಾದ್ದರಿಂದ ಮೊಗ್ಲಿಂಗ್ ಅವರ ವಿಷಯವಾಗಿ ಅವರಿಗೆ ವಿಶೇಷ ಅಕ್ಕರೆ. ಬಾಸೆಲ್ ಮಿಷನ್ ಪ್ರಾಟೆಸ್ಟೆಂಟರದು, ಫಾದರ್ ಕಥೋಲಿಕರು. ಆದರೂ ಊರಿನ ಅಭಿಮಾನ ಗೆದ್ದಿತ್ತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಇಂದಿಗೂ ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ. ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ವರ್ಷ ತುಂಬುವ ಮೊದಲೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಫಾದರ್ ಈ ಸಂಗತಿಗಳನ್ನು ಇತಿಹಾಸವೆಂದು ಹೇಳಲಿಲ್ಲ. ಪ್ರಚಾರದ ಉದಾಹರಣೆಯೆಂದು ಹೇಳಿದರು. ಧರ್ಮವನ್ನು ಸಾರಲೆಂದೇ ಸಮುದ್ರ ದಾಟಿ ಬಂದ ಮನುಷ್ಯ ಪತ್ರಿಕೆಯಲ್ಲಿ ಊರಿನ ಸುದ್ದಿ, ಸರ್ಕಾರದ ಆದೇಶ, ದೂರ ದೇಶಗಳ ವರ್ತಮಾನಗಳಿಗೆ ಏಕೆ ಜಾಗ ಕೊಟ್ಟ? ಅದಕ್ಕೆ ಮೊದಲು ಏನು ಮಾಡಿದ? ಎಂದು ಕೇಳಿ ತಾವೇ ಉತ್ತರಿಸಿದರು: ಕನ್ನಡ ಕಲಿತ. ನಾವು ಅದನ್ನು ಬರೆದುಕೊಂಡೆವು, ಪರೀಕ್ಷೆಯಲ್ಲಿಯೂ ಬರೆದೆವು. ನನಗೆ ಅದು ಅರ್ಥವಾಗಿರಲಿಲ್ಲ ಎಂಬುದಕ್ಕೆ ಮೊದಲನೆಯ ಕರಪತ್ರವೇ ಸಾಕ್ಷಿ.

1993ರ ಬೇಸಗೆ ರಜೆಗೆ ಅವರು ಒಂದು ಕೆಲಸ ಕೊಟ್ಟರು. ನಿಜವಾದ ಒಂದು ಸಂಗತಿಗೆ ನಿಜವಾದ ಪ್ರಚಾರ ಮಾಡಿ, ಫಲಿತಾಂಶ ಬರೆದು ತರಬೇಕು. ಗೆಳತಿಯರಲ್ಲಿ ಒಬ್ಬಳು ಚಿಕ್ಕಪ್ಪನ ಬೇಕರಿಯನ್ನು ಹಿಡಿದಳು, ಒಬ್ಬಳು ರಕ್ತದಾನ ಶಿಬಿರವನ್ನು. ನನಗೆ ಹುಡುಕುವ ಅಗತ್ಯವಿರಲಿಲ್ಲ. ಅಪ್ಪನ ಶಾಲೆಯಲ್ಲಿ ಆ ವರ್ಷ ಹದಿನೇಳು ಮಕ್ಕಳಿದ್ದರು. ಹೀಗೇ ಇಳಿದರೆ ಎರಡನೆಯ ಮೇಷ್ಟ್ರ ಹುದ್ದೆ ಹೋಗುತ್ತದೆ, ಬಳಿಕ ಶಾಲೆಯೂ ಹೋಗುತ್ತದೆ ಎಂದು ಅಪ್ಪ ಪತ್ರದಲ್ಲಿ ಬರೆದಿದ್ದರು. ‘ನೀನು ಕಲಿಯುತ್ತಿರುವ ವಿದ್ಯೆಯಿಂದ ಇದಕ್ಕೇನಾದರೂ ಆಗುವುದಾದರೆ ನೋಡು’ ಎಂಬ ಸಾಲೂ ಇತ್ತು. ಅಪ್ಪ ನನ್ನಲ್ಲಿ ಬೇಡಿದ್ದು ಜೀವನದಲ್ಲಿ ಅದೊಂದೇ.

ಮೊದಲನೆಯ ಕರಪತ್ರವನ್ನು ನಾನು ಎಂಟು ದಿನ ಬರೆದೆ. ಕಾಟನ್‌ಪೇಟೆಯ ಒಂದು ಚಿಕ್ಕ ಮುದ್ರಣಾಲಯದಲ್ಲಿ ಹಳದಿ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ ಐನೂರು ಪ್ರತಿ ಅಚ್ಚು ಹಾಕಿಸಿದೆ. ಮೇಲೆ ಭುವನೇಶ್ವರಿಯ ರೇಖಾಚಿತ್ರ. ‘ಮಾತೃಭಾಷೆಯೇ ಮಗುವಿನ ಸರ್ವಾಂಗೀಣ ವಿಕಾಸದ ಅಡಿಗಲ್ಲು’ ಎಂದು ಆರಂಭ. ಪಂಪನಿದ್ದ, ಬಸವಣ್ಣನಿದ್ದರು, ಜ್ಞಾನಪೀಠಗಳ ಎಣಿಕೆಯಿತ್ತು. ಗಮನ ಸೆಳೆಯಬೇಕು, ಆಸಕ್ತಿ ಹುಟ್ಟಿಸಬೇಕು, ಆಸೆ ಮೂಡಿಸಬೇಕು, ಕಾರ್ಯಕ್ಕೆ ಹಚ್ಚಬೇಕು ಎಂದು ಪುಸ್ತಕದಲ್ಲಿದ್ದ ನಾಲ್ಕು ಮೆಟ್ಟಿಲುಗಳನ್ನೂ ಕಟ್ಟಿದ್ದೆ. ಅಪ್ಪ ಓದಿ ಕಣ್ಣೊರೆಸಿಕೊಂಡರು. ಮೂರು ಹಳ್ಳಿಗಳಲ್ಲಿ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಹಂಚಿದೆವು.

ಜೂನ್ ತಿಂಗಳಲ್ಲಿ ಒಂದು ಮಗುವೂ ಹೊಸದಾಗಿ ಬರಲಿಲ್ಲ. ಇದ್ದ ಹದಿನೇಳರಲ್ಲಿ ಇಬ್ಬರು ಐದನೆಯ ತರಗತಿ ಮುಗಿಸಿ ಹೋದರು.

ಒಂದು ಮನೆಯಲ್ಲಿ ಮೂರನೆಯ ತರಗತಿಯ ಹುಡುಗ ಅದನ್ನು ತಾಯಿಗೆ ಓದಿ ಹೇಳುತ್ತ ‘ಸರ್ವಾಂಗೀಣ’ದ ಬಳಿ ನಿಂತುಬಿಟ್ಟದ್ದನ್ನು ನಾನೇ ಕಂಡೆ. ತಾಯಿ ಮುಂದಕ್ಕೆ ಓದಿಸಲಿಲ್ಲ. ಊರಿನ ಅಂಗಡಿಯ ಶೆಟ್ಟರು ಮಾತ್ರ ಕರಪತ್ರವನ್ನು ಹೊಗಳಿದರು. “ಹಿಂದುಗಡೆ ಖಾಲಿ ಬಿಟ್ಟಿದ್ದಿರಲ್ಲಮ್ಮ, ಸಾಲದ ಲೆಕ್ಕ ಬರಿಯಾಕೆ ಬೋ ಚಂದಾಗದೆ” ಎಂದು ಒಂದು ಕಟ್ಟನ್ನೇ ತೋರಿಸಿದರು.

ಕಾಲೇಜಿನಲ್ಲಿ ಫಾದರ್ ಅದನ್ನು ಬಹಳ ಹೊತ್ತು ನೋಡಿದರು. ವಿನ್ಯಾಸ ಚೆನ್ನಾಗಿದೆ ಎಂದರು. ಬಳಿಕ, ಇದನ್ನು ಬರೆಯುವ ಮೊದಲು ಎಷ್ಟು ಮನೆಗಳಿಗೆ ಹೋಗಿದ್ದೆ ಎಂದು ಕೇಳಿದರು. ಹಂಚಲು ಎಲ್ಲ ಮನೆಗೂ ಹೋಗಿದ್ದೇನೆ ಎಂದೆ. ಹಂಚಲು ಅಲ್ಲ, ಕೇಳಲು ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ‘ನಿಮ್ಮ ಊರಿನ ತಾಯಂದಿರು ನೀರಿನ ಕೊಳಾಯಿಯ ಹತ್ತಿರ ಯಾವ ಮಾತಿನಲ್ಲಿ ಜಗಳವಾಡುತ್ತಾರೋ ಆ ಮಾತಿನಲ್ಲಿ ಇನ್ನೊಂದನ್ನು ಬರೆದು ತಾ’ ಎಂದರು. ಎಲ್ಲರ ಮುಂದೆ ಹೇಳಿದ್ದರಿಂದ ನನಗೆ ಕೋಪ ಬಂದಿತ್ತು. ಅವರದು ಗ್ರಾಂಥಿಕ ಕನ್ನಡ, ನನಗೆ ಮಾತ್ರ ಕೊಳಾಯಿಯ ಕನ್ನಡವೇ ಎಂದು ಗೆಳತಿಯರ ಬಳಿ ಗೊಣಗಿದೆ.

ಆ ದಿನಗಳಲ್ಲಿ ಒಬ್ಬ ಗೆಳತಿಯ ಕೈಯಲ್ಲಿ ಕ್ರೈಸ್ಟ್ ಕಾಲೇಜು ಕನ್ನಡ ಸಂಘದ ಪ್ರಕಟಣೆಗಳನ್ನು ಕಂಡೆ. ಆ ಕಾಲೇಜು ಇರುವುದು ಹೊಸೂರು ರಸ್ತೆಯಲ್ಲಿ. ಬೆಂಗಳೂರಿನಲ್ಲಿ ನಮ್ಮ ಊರಿನ ಹೆಸರು ಪ್ರತಿ ಬಸ್ಸಿನ ಫಲಕದ ಮೇಲೂ ಇದೆ. ಊರು ಮಾತ್ರ ಯಾರಿಗೂ ಬೇಡ ಎಂದು ನಾವು ಹೊಸೂರಿನವರು ಆಡಿಕೊಳ್ಳುವುದುಂಟು. ಅಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಚಿ. ಶ್ರೀನಿವಾಸರಾಜು ಅವರು ಕ್ರೈಸ್ತ ಸಂಸ್ಥೆಯೊಂದರ, ಇಂಗ್ಲಿಷ್ ಮಾತಾಡುವ ಕಾಲೇಜೊಂದರ ನಡುವೆ ಕನ್ನಡ ಸಂಘವನ್ನು ಕಟ್ಟಿ, ವಿದ್ಯಾರ್ಥಿಗಳ ಮತ್ತು ಹೊಸ ಲೇಖಕರ ಬರಹಗಳನ್ನು ಕಡಿಮೆ ಬೆಲೆಯ ಪುಸ್ತಕಗಳಾಗಿ ಅಚ್ಚು ಹಾಕಿಸಿದರು. ನೂರಕ್ಕೂ ಮಿಕ್ಕ ಪುಸ್ತಕಗಳು. ಬೇಂದ್ರೆಯವರ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆಯನ್ನೂ ನಡೆಸಿದರು. ಇಂದಿನ ಎಷ್ಟೋ ಕವಿಗಳ ಮೊದಲ ಬಹುಮಾನ ಅಲ್ಲಿಯದು. ಆ ಪುಸ್ತಕಗಳಲ್ಲಿ ಭುವನೇಶ್ವರಿಯ ಚಿತ್ರವಿರಲಿಲ್ಲ, ಕನ್ನಡದ ಹೊಗಳಿಕೆಯೂ ಇರಲಿಲ್ಲ. ಕನ್ನಡವಿತ್ತು. ಜೇಬಿಗೆ ಹಿಡಿಸುವ ಬೆಲೆಯಿತ್ತು. ನಾನು ಹಳದಿ ಕಾಗದಕ್ಕೆ ಸುರಿದ ಹಣದಲ್ಲಿ ಅಂಥ ಎಷ್ಟು ಪುಸ್ತಕ ಕೊಳ್ಳಬಹುದಿತ್ತೆಂದು ಲೆಕ್ಕ ಹಾಕಿ ಸುಮ್ಮನಾದೆ.

ಆಯುಧಪೂಜೆಯ ರಜೆಗೆ ಒಂದು ವಾರ ಮುಂಚೆಯೇ ಊರಿಗೆ ಹೋದೆ. ನಮ್ಮ ಕಡೆ ವಿಜಯದಶಮಿಯ ದಿನ ಮಕ್ಕಳನ್ನು ಶಾಲೆಗೆ ಸೇರಿಸುವ ರೂಢಿಯಿದೆ. ಅದು ನಮಗೆ ಎರಡನೆಯ ಜೂನ್. ಪ್ರತಿ ಸಂಜೆ ಶಾಲೆ ಬಿಟ್ಟ ಮೇಲೆ ಅಪ್ಪ ಮುಂದೆ, ನಾನು ನೋಟ್‌ಬುಕ್ ಹಿಡಿದು ಹಿಂದೆ. ನಲವತ್ತೊಂದು ಮನೆಗಳು. ಅಪ್ಪನಿಗೆ ಇದು ಕಷ್ಟದ ಕೆಲಸ. ಮೇಷ್ಟ್ರೆಂದರೆ ಹೇಳುವವರು, ಜಗಲಿಯ ಮೇಲೆ ಕುಳಿತು ಸುಮ್ಮನೆ ಕೇಳಿಸಿಕೊಳ್ಳುವುದು ಅವರಿಗೆ ಅಭ್ಯಾಸವಿರಲಿಲ್ಲ. ಮೊದಲ ಎರಡು ದಿನ ಪ್ರತಿಯೊಂದು ಪ್ರಶ್ನೆಗೂ ಅಲ್ಲಿಯೇ ಉಪನ್ಯಾಸ ಕೊಟ್ಟರು. ಮೂರನೆಯ ದಿನ ನಾನು ಅವರ ಪಂಚೆಯ ಅಂಚನ್ನು ಮೆಲ್ಲನೆ ಎಳೆಯತೊಡಗಿದೆ.

ಯಾರೂ ಪಂಪನನ್ನು ಕೇಳಲಿಲ್ಲ. ಕೇಳಿದ್ದು ಇವು. ಇಲ್ಲಿ ಓದಿದರೆ ತಮಿಳು ಬರುತ್ತದೆಯೇ? ತಾಲ್ಲೂಕು ಕಚೇರಿಯ ಅರ್ಜಿ ತುಂಬಲು ಬರುತ್ತದೆಯೇ? ಐದನೆಯ ತರಗತಿಯ ಮೇಲೆ ಕನ್ನಡ ಶಾಲೆ ಎಲ್ಲಿದೆ, ಅಲ್ಲಿಗೆ ಬಸ್ಸು ಎಷ್ಟು ಗಂಟೆಗೆ? ಹೆಣ್ಣುಮಗು ಒಬ್ಬಳೇ ಹೋಗಬೇಕೇ? ಮಧ್ಯಾಹ್ನದ ಊಟ ತಮಿಳು ಶಾಲೆಯವರಿಗೆ ಮಾತ್ರವೇ? ಈ ಪ್ರಶ್ನೆ ಕೇಳಿ ಅಪ್ಪ ದಂಗಾದರು. 1982ರಿಂದ ತಮಿಳುನಾಡಿನಲ್ಲಿ ಪೌಷ್ಟಿಕ ಊಟದ ಯೋಜನೆಯಿದೆ, ಅಪ್ಪನ ಶಾಲೆಯಲ್ಲಿಯೂ ದಿನಾಲೂ ಅಡುಗೆಯಾಗುತ್ತಿತ್ತು. ಎರಡು ಫರ್ಲಾಂಗು ದೂರದ ಮನೆಗೆ ಅದು ತಿಳಿದಿರಲಿಲ್ಲ. ಸಿಪ್ಕಾಟ್ ಕಾರ್ಖಾನೆಯವರು ಕನ್ನಡ ಓದಿದವರನ್ನು ತೆಗೆದುಕೊಳ್ಳುತ್ತಾರೆಯೇ? ರಾಗಿ ಕೊಯ್ಲಿನ ಹದಿನೈದು ದಿನ ಮಗು ಬಾರದಿದ್ದರೆ ಹೆಸರು ಹೊಡೆದುಹಾಕುತ್ತೀರಾ?

ಮೊದಲನೆಯ ಪ್ರಶ್ನೆಗೆ ಅಪ್ಪನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಶಾಲೆಯಲ್ಲಿ ಕಲಿಸುತ್ತಿದ್ದ ತಮಿಳು ಅತ್ಯಲ್ಪ. ಸುಳ್ಳು ಬರೆಯಲಾಗದು, ನಿಜ ಬರೆದರೆ ಯಾರೂ ಬಾರರು. ಎರಡು ರಾತ್ರಿ ಯೋಚಿಸಿ ಅಪ್ಪ, ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ತಾವೇ ತಮಿಳು ಓದು ಬರಹ ಕಲಿಸುವುದೆಂದು ನಿಶ್ಚಯಿಸಿದರು. ಕನ್ನಡದ ಮೇಷ್ಟ್ರು ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ತಮಿಳು ಕಲಿಸುವುದೇ ಎಂದು ಅವರ ಸ್ನೇಹಿತರೊಬ್ಬರು ಬಹಳ ನೊಂದುಕೊಂಡು ಮಾತಾಡಿದರು. ಅವರ ನೋವು ಸುಳ್ಳಲ್ಲ. ಆದರೆ ಕನ್ನಡವನ್ನು ಬಿಡುವಂತೆ ಮಕ್ಕಳನ್ನು ಒತ್ತಾಯಿಸುತ್ತಿದ್ದದ್ದು ತಮಿಳಿನ ದ್ವೇಷವೂ ಅಲ್ಲ, ಕನ್ನಡದ ಉಪೇಕ್ಷೆಯೂ ಅಲ್ಲ. ತಾಲ್ಲೂಕು ಕಚೇರಿಯ ಅರ್ಜಿ. ಹಾಗೆಂದು ನಾನು ನಂಬಿದ್ದೇನೆ. ಒಪ್ಪದವರು ಸಂಘದಲ್ಲಿಯೇ ಇದ್ದಾರೆ.

ಕೊನೆಯ ದಿನ, ಹೂವಿನ ತೋಟದ ಕೆಲಸದಿಂದ ಆಗತಾನೆ ಬಂದು ಕೈ ತೊಳೆಯುತ್ತಿದ್ದ ಒಬ್ಬ ತಾಯಿ ಅಪ್ಪನ ಮಾತನ್ನೆಲ್ಲ ಕೇಳಿಸಿಕೊಂಡು, ಸೆರಗಿನಿಂದ ಕೈ ಒರೆಸುತ್ತ ನನ್ನ ಕಡೆ ನೋಡಿದಳು.

“ಅದ್ಸರಿ ಮೇಷ್ಟ್ರೇ. ನಿಮ್ಮ ಮಗ ಬೆಂಗ್ಳೂರ್ನಾಗೆ ಯಾವ ಬಾಸೇಲಿ ಓದ್ತಾವ್ಳೆ?”

ನಮ್ಮ ಕಡೆ ಪ್ರೀತಿಗೆ ಹೆಣ್ಣುಮಗುವನ್ನೂ ಮಗ ಎನ್ನುತ್ತಾರೆ. ಆ ಪ್ರೀತಿಯೂ ಆ ಪ್ರಶ್ನೆಯಲ್ಲಿತ್ತು. ಅಪ್ಪ, ಐದನೆಯವರೆಗೆ ಇದೇ ಶಾಲೆಯಲ್ಲಿ ಓದಿದವಳು ಎಂದರು. “ಅದು ಗೊತ್ತೈತೆ. ಈಗ?” ಎಂದಳು. ಇಂಗ್ಲಿಷು ಎಂದು ನಾನೇ ಹೇಳಿದೆ. ಅವಳು ತಲೆಯಾಡಿಸಿದಳೇ ಹೊರತು ಹಂಗಿಸಲಿಲ್ಲ. ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದುಕೊಟ್ಟಳು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ.

ಎರಡನೆಯ ಕರಪತ್ರವನ್ನು ಹೊಸೂರಿನಲ್ಲಿಯೇ, ಮದುವೆ ಪತ್ರಿಕೆ ಮಾಡುವ ಅಂಗಡಿಯಲ್ಲಿ ಬಿಳಿಯ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಹಾಕಿಸಿದೆವು. ಇನ್ನೂರು ಪ್ರತಿ. ಶೆಟ್ಟರ ಲೆಕ್ಕಕ್ಕೆ ಜಾಗವಿರದಂತೆ ಎರಡೂ ಬದಿ ಅಚ್ಚು. ಒಂದೊಂದು ಪ್ರಶ್ನೆ, ಅದರ ಕೆಳಗೆ ಎರಡು ಸಾಲಿನ ಉತ್ತರ. ಜನರು ಕೇಳಿದ ಮಾತಿನಲ್ಲಿಯೇ ಪ್ರಶ್ನೆಗಳು. ಬಸ್ಸಿನ ವೇಳೆ ಇತ್ತು. ‘ರಾಗಿ ಕೊಯ್ಲಿಗೆ ರಜ ಕೇಳಿ, ಕೊಡುತ್ತೇವೆ’ ಎಂದಿತ್ತು. ಅಮ್ಮಂದಿರು ಒಂದು ದಿನ ಬಂದು ಶಾಲೆಯ ಊಟ ತಿಂದು ನೋಡಿ ಎಂಬ ಸಾಲನ್ನು ಅಮ್ಮ ಸೇರಿಸಿದಳು. ಓದು ಬಾರದವರಿಗಾಗಿ ತಮಟೆಯವರನ್ನು ಕರೆಸಿ ಮೂರು ಹಳ್ಳಿಗಳಲ್ಲಿ ಸಾರಿಸಿದೆವು. ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ, ತಮಿಳಿನಲ್ಲೊಮ್ಮೆ ಅದೇ ಸುದ್ದಿಯನ್ನು ಒಂದೇ ಉಸಿರಿಗೆ ಸಾರಿದ ಆ ಹಿರಿಯರಿಗೆ ಯಾವ ಕಾಲೇಜೂ ಪಾಠ ಹೇಳಿರಲಿಲ್ಲ.

ವಿಜಯದಶಮಿಯ ದಿನ ಒಂಬತ್ತು ಮಕ್ಕಳು ಸೇರಿದರು. ಅದರಲ್ಲಿ ಮಜ್ಜಿಗೆ ಕೊಟ್ಟ ತಾಯಿಯ ಮಗುವಿರಲಿಲ್ಲ.

ವರದಿಯನ್ನು ಓದಿದ ಫಾದರ್, ಕೇಳಿದ ಪ್ರಶ್ನೆಗಳೆಲ್ಲ ಇದರಲ್ಲಿವೆಯೇ ಎಂದರು. ಒಂದು ಬಿಟ್ಟಿದ್ದೇನೆ ಎಂದು ಒಪ್ಪಿಕೊಂಡು ಆ ಪ್ರಶ್ನೆಯನ್ನು ಹೇಳಿದೆ. ಏಕೆ ಬಿಟ್ಟೆ ಎಂದರು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅಚ್ಚು ಹಾಕಿಸುವುದು ಹೇಗೆ ಎಂದೆ. ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, ನನಗೂ ಗೊತ್ತಿಲ್ಲ ಎಂದರು. ಇಂಗ್ಲಿಷಿನ ಕಾಲೇಜಿನಲ್ಲಿ ಕುಳಿತು, ಕೊಂಕಣಿ ಮನೆಮಾತಿನವರೊಬ್ಬರು ತಮಿಳುನಾಡಿನ ಹುಡುಗಿಯೊಬ್ಬಳಿಗೆ ಅದನ್ನು ಕನ್ನಡದಲ್ಲಿ ಹೇಳಿದರು. ನೂರಕ್ಕೆ ಎಪ್ಪತ್ತೆರಡು ಅಂಕ ಕೊಟ್ಟರು. ಬೇಕರಿಯ ಗೆಳತಿಗೆ ಎಂಬತ್ತು ಬಂದಿತ್ತು. ಆ ಮುನಿಸು ನನಗೆ ಇನ್ನೂ ಇದೆ.

ಪದವಿಯ ಬಳಿಕ ಬೆಂಗಳೂರಿನ ಒಂದು ಜಾಹೀರಾತು ಸಂಸ್ಥೆಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಇಂಗ್ಲಿಷಿನಲ್ಲಿ ಸಿದ್ಧವಾದ ಜಾಹೀರಾತಿಗೆ ಕನ್ನಡದ ಬಟ್ಟೆ ತೊಡಿಸುವ ಕೆಲಸ. ಅಳತೆ ಅವರದು, ಹೊಲಿಗೆ ನನ್ನದು. ಮದುವೆಯಾಗಿ ಹೊಸೂರಿಗೆ ಮರಳಿದೆ. 2006ರಲ್ಲಿ ತಮಿಳು ಕಲಿಕೆಯ ಕಾನೂನು ಬಂದು ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಅಪ್ಪ ಸಂಜೆ ಒಂದು ಗಂಟೆ ಮನಸ್ಸಿನಿಂದ ಕಲಿಸಿದ್ದನ್ನು ಈಗ ಆದೇಶದಂತೆ ಕಲಿಸಬೇಕಾಯಿತು; ಕಲಿಸುವುದಕ್ಕೂ ಹೇರುವುದಕ್ಕೂ ಇರುವ ಅಂತರವನ್ನು ಕುರಿತು ನಿವೃತ್ತರಾಗಿದ್ದ ಅಪ್ಪ ಆಗ ಬರೆದ ಮನವಿಗಳ ಕರಡುಗಳು ಸಂಘದ ಕಡತದಲ್ಲಿವೆ. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಅಪ್ಪ ಅದನ್ನು ನೋಡಲು ಇರಲಿಲ್ಲ. ಅವರ ಶಾಲೆ ಇದೆ. ಈ ವರ್ಷ ಇಪ್ಪತ್ತು ಮಕ್ಕಳು.

ನನ್ನ ಮಗಳು ಓದಿದ್ದು ಹೊಸೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಸೇರಿಸಲು ಹೋದ ದಿನ ಅರ್ಜಿಯ ಮೇಲೆ ಸಹಿ ಮಾಡುವಾಗ ಆ ತಾಯಿ ಸೆರಗಿನಿಂದ ಕೈ ಒರೆಸುತ್ತ ಎದುರಿಗೆ ನಿಂತಂತಾಯಿತು. ಆದರೂ ಸಹಿ ಮಾಡಿದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಸಂಜೆ ಒಂದು ಗಂಟೆ ಮೊಮ್ಮಗಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸತೊಡಗಿದರು. ಅವಳು ಈಗ ಈ ಬರಹವನ್ನು ಓದಬಲ್ಲಳು. ಇದು ಉತ್ತರವೆಂದು ನಾನು ಹೇಳುತ್ತಿಲ್ಲ. ಸಂಘದ ಸಭೆಗಳಲ್ಲಿ ‘ನಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸೋಣ’ ಎಂಬ ನಿರ್ಣಯಕ್ಕೆ ಎಲ್ಲರೂ ಕೈ ಎತ್ತುವಾಗ ನಾನು ಕೈ ಎತ್ತಿಲ್ಲ. ಅದರ ಕಾರಣವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಈ ಸಂಚಿಕೆ ಅಚ್ಚಿಗೆ ಹೋಗುವ ವಾರದಲ್ಲಿ ಸಮ್ಮೇಳನದ ಪ್ರಚಾರದ ಹೊಣೆ ನನ್ನ ಪಾಲಿಗೆ ಬಂದಿದೆ. ಮೊನ್ನೆ ಆಟೋದಲ್ಲಿ ಧ್ವನಿವರ್ಧಕ ಕಟ್ಟಿ ಸಾರಲು ಒಬ್ಬರನ್ನು ಗೊತ್ತು ಮಾಡಿದೆವು. ಅಂದು ವಿಜಯದಶಮಿಗೆ ಸೇರಿದ ಒಂಬತ್ತು ಮಕ್ಕಳಲ್ಲಿ ಅವರೂ ಒಬ್ಬರು. ಮೂರೂ ಭಾಷೆಗಳಲ್ಲಿ ನಿರರ್ಗಳವಾಗಿ ಸಾರುತ್ತಾರೆ. ನಾನು ಬರೆದುಕೊಟ್ಟ ಒಕ್ಕಣೆಯನ್ನು ಅವರು ಆಟೋದಲ್ಲೇ ಕುಳಿತು ಎರಡು ಸಲ ಓದಿದರು. ಸಮ್ಮೇಳನಾಧ್ಯಕ್ಷರ ಹೆಸರು, ಗೋಷ್ಠಿಗಳು, ಉದ್ಘಾಟನೆಯ ವೇಳೆ ಎಲ್ಲವೂ ಅದರಲ್ಲಿದ್ದವು.

“ಅಕ್ಕ, ಹೆಂಗಸ್ರು ಬರ್ಬೇಕಂದ್ರೆ ಮೂರು ಇಸ್ಯ ಇದ್ರಾಗಿಲ್ಲ” ಎಂದರು. “ಊಟ ಐತಾ? ಸಾಯಂಕಾಲ ಎಷ್ಟೊತ್ಗೆ ಬಿಡ್ತೀರಾ? ತಳಿ ಕಡೆಗೆ ಕೊನೆ ಬಸ್ಸು ಸಿಗ್ತದಾ?”

ಕಾಗದವನ್ನು ಹಿಂದಕ್ಕೆ ಪಡೆದು, ಮೂರನ್ನೂ ವಿಚಾರಿಸಿಕೊಂಡು ಬರಲು ಸಂಘದ ಕಚೇರಿಗೆ ಹೋದೆ.